ದೊಡ್ಡ ಭಾವನ ಶ್ರುತಿ ಪ್ರಕರಣ

ನಮ್ಮ ದೊಡ್ಡ ಭಾವ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್. ಅಂಗಡಿಗಳಿಗೆ ಹೋಗಿ ತಕ್ಕಡಿ ಸರಿಯಾಗಿದೆಯೇ, ಬಟ್ಟೆ ಅಳೆಯುವ ಕಡ್ಡಿ ನಿಜಕ್ಕೂ ಒಂದು ಮೀಟರ್ ಇದೆಯೇ ಎಂದು ನೋಡುವ ಕೆಲಸ. ಹದಿನಾಲ್ಕು ವರ್ಷ ಇದನ್ನೇ ಮಾಡಿ ಮಾಡಿ ಅವರಿಗೊಂದು ಚಾಳಿ ಅಂಟಿಕೊಂಡಿದೆ. ಯಾರ ಬಳಿ ಏನು ಕಂಡರೂ ಅದು ತಮ್ಮದಕ್ಕಿಂತ ಎಷ್ಟು ಹೆಚ್ಚು ಎಂದು ಅಳೆದುಬಿಡುತ್ತಾರೆ. ಪಕ್ಕದ ಮನೆಯ ಬಾಲ್ಕನಿ ಇವರದಕ್ಕಿಂತ ಹನ್ನೆರಡು ಸೆಂಟಿಮೀಟರ್ ಉದ್ದ. ಆಫೀಸಿನಲ್ಲಿ ಎದುರು ಮೇಜಿನವರ ಫ್ಯಾನಿನ ರೆಕ್ಕೆ ಎರಡು ಸೆಂಟಿಮೀಟರ್ ಅಗಲ. ಇದೆಲ್ಲ ಭಾವನಿಗೆ ಬಾಯಿಪಾಠ. ಇವನ್ನೆಲ್ಲ ಹೇಗೋ ಸಹಿಸಿಕೊಂಡಿದ್ದರು. ಸಹಿಸಲಾಗದೇ ಇದ್ದದ್ದು ಒಬ್ಬರನ್ನು ಮಾತ್ರ. ಅವರು ನಮ್ಮ ಚಿಕ್ಕ ಭಾವ, ಅಂದರೆ ಇವರ ಷಡ್ಡಕ, ಹಲ್ಲಿನ ಡಾಕ್ಟರ್.

ಚಿಕ್ಕ ಭಾವ ಒಂದು ಭಾನುವಾರ ನಮ್ಮನ್ನೆಲ್ಲ ಊಟಕ್ಕೆ ಕರೆದಿದ್ದರು. ಊಟ ಮುಗಿದ ಮೇಲೆ ಒಳಗಿನಿಂದ ಒಂದು ದೊಡ್ಡ ಗಿಟಾರ್ ತಂದು, ಕಣ್ಣು ಮುಚ್ಚಿ, ಅದರ ಬಿರಡೆಗಳನ್ನು ತಿರುಗಿಸಿ, ತಂತಿಗಳನ್ನು ಸಡಿಲ ಮಾಡಿ ಬಾರಿಸಿದರು. ನಿಜ ಹೇಳಬೇಕೆಂದರೆ ಚೆನ್ನಾಗಿತ್ತು. ನಾನು ವಾದ್ಯದಂಗಡಿಯಲ್ಲಿ ಕೆಲಸ ಮಾಡುವವನು, ದಿನಕ್ಕೆ ಇಪ್ಪತ್ತು ಜನ ಬಾರಿಸುವುದನ್ನು ಕೇಳುತ್ತೇನೆ. ನನಗೇ ಸ್ವಲ್ಪ ಹೊಟ್ಟೆ ಉರಿಯಿತು.

"ಇದು ಓಪನ್ ಟ್ಯೂನಿಂಗ್ ಅಣ್ಣ," ಎಂದು ಚಿಕ್ಕ ಭಾವ ದೊಡ್ಡ ಭಾವನಿಗೆ ವಿವರಿಸಿದರು. "ನಾಲ್ಕು ತಂತಿ ಇಳಿಸಿಬಿಟ್ರೆ ಆಯ್ತು. ಎಡಗೈ ಬೆರಳು ಇಡೋದೇ ಬೇಡ, ಹಾಗೇ ಮೀಟಿದ್ರೂ ಸ್ವರ ಸೇರುತ್ತೆ."

ಅಷ್ಟರಲ್ಲಿ ನಮ್ಮ ದೊಡ್ಡಕ್ಕ ಗಲ್ಲಕ್ಕೆ ಕೈಯಿಟ್ಟು, "ಕೆಲವರ ಕೈಯಲ್ಲಿ ಏನೋ ಇರುತ್ತೆ ಬಿಡು," ಎಂದಳು.

ದೊಡ್ಡ ಭಾವ ತಮ್ಮ ಕೈ ನೋಡಿಕೊಂಡರು. ಅದರಲ್ಲಿ ಖಾಲಿ ತಟ್ಟೆ ಇತ್ತು.

ಮರುದಿನ ಬೆಳಿಗ್ಗೆ ನಾನು ಅಂಗಡಿಯ ಶಟರ್ ಎತ್ತುತ್ತಿದ್ದಂತೆ ಭಾವ ಮೆಟ್ಟಿಲ ಮೇಲೆ ನಿಂತಿದ್ದರು. ಕೈಯಲ್ಲಿ ಇಲಾಖೆಯ ಮೊಹರಿದ್ದ ಅಳತೆ ಟೇಪು.

"ಲೋ, ಬೆರಳೇ ಇಡದೆ ಬಾರಿಸಿದ್ದಕ್ಕೆ ನಿಮ್ಮಕ್ಕ ಆ ಥರ ನೋಡಿದ್ಲು. ನನ್ನ ಯಾವತ್ತಾದ್ರೂ ಹಾಗೆ ನೋಡಿದಾಳಾ? ಹನ್ನೊಂದು ವರ್ಷ ಆಯ್ತು ಮದುವೆಯಾಗಿ. ಇನ್ನು ಮೂರು ವಾರಕ್ಕೆ ನಿಮ್ಮಮ್ಮ ರಿಟೈರ್ ಆಗೋ ಊಟ ಇದೆ. ಅವತ್ತು ನಾನು ಬಾರಿಸ್ಬೇಕು. ಅವಳು ನೋಡ್ಬೇಕು. ಅಲ್ಲಿವರೆಗೂ ಯಾರಿಗೂ ಹೇಳಬಾರದು."

"ಆಯ್ತು ಭಾವ. ಓಪನ್ ಟ್ಯೂನಿಂಗ್‌ಗೆ ಸರಿಹೋಗೋ ಗಿಟಾರ್ ತೋರಿಸ್ತೀನಿ."

"ಟ್ಯೂನಿಂಗ್ ಅನ್ನಬೇಡ. ಅದು ಅವನ ಮಾತು. ಶ್ರುತಿ ಅನ್ನು."

ಮುಂದಿನ ಎಲ್ಲಾ ಅನಾಹುತಕ್ಕೂ ಈ ಒಂದು ತಿದ್ದುಪಡಿಯೇ ಕಾರಣ. ಷಡ್ಡಕನ ಬಾಯಿಂದ ಬಂದ ಪದವನ್ನೂ ಮುಟ್ಟಬಾರದೆಂಬಷ್ಟು ಹೊಟ್ಟೆಕಿಚ್ಚು ಭಾವನಿಗೆ ಇಲ್ಲದೇ ಹೋಗಿದ್ದರೆ ನಾನು ಈಗ ಇದನ್ನು ಬರೆಯುತ್ತಲೇ ಇರಲಿಲ್ಲ.

ನನಗೆ ಗಿಟಾರಿನ ವಿಷಯ ತೆಗೆದರೆ ಸಾಕು, ಬಾಯಿ ನಿಲ್ಲುವುದಿಲ್ಲ. ಹೇಳಿದೆ: ಶ್ರುತಿ ಇಳಿಸಿದಾಗ ದೊಡ್ಡ ಮೈಯ ಗಿಟಾರಿನಲ್ಲಿ ದಪ್ಪ ತಂತಿಗಳು ಗುಂಯ್ ಎಂದು ಎಲ್ಲವನ್ನೂ ನುಂಗಿಬಿಡುತ್ತವೆ, ಸಣ್ಣ ಮೈಯಾದರೆ ಒಂದೊಂದು ತಂತಿಯೂ ಬಿಡಿಬಿಡಿಯಾಗಿ ಕೇಳುತ್ತದೆ. ಆದರೆ ಮೈ ಸಣ್ಣದೆಂದು ತಂತಿಯ ಉದ್ದವೂ ಕಡಿಮೆಯಾದರೆ, ಇಳಿಸಿದ ತಂತಿ ಜೋಲುಬಿದ್ದು ಕಟಕಟ ಅನ್ನುತ್ತದೆ. ಹಾಗಾಗಿ ಮೈ ಸಣ್ಣ, ಕುತ್ತಿಗೆ ಉದ್ದ. ಬೆರಳಿನಿಂದ ಮೀಟುವವರಿಗೆ ಕುತ್ತಿಗೆ ತುಸು ಅಗಲವೂ ಇರಬೇಕು.

ಭಾವ ನೋಟ್‌ಬುಕ್ ತೆಗೆದು ಬರೆದುಕೊಂಡರು. ಆಮೇಲೆ ಒಂದೊಂದು ಗಿಟಾರನ್ನೂ ಇಳಿಸಿ ಮಲಗಿಸಿ ಟೇಪು ಹಿಡಿದರು. ಸೊಂಟ, ಬೆನ್ನು, ಕುತ್ತಿಗೆ. ಅಷ್ಟರಲ್ಲಿ ನಮ್ಮ ಯಜಮಾನರು ಬಂದರು. ತೂಕ ಮತ್ತು ಅಳತೆಯವರು ಅಂಗಡಿಯೊಳಗೆ ಮೊಣಕಾಲೂರಿ ಗಿಟಾರ್ ಅಳೆಯುತ್ತಿರುವುದನ್ನು ಕಂಡು ಬಾಗಿಲಲ್ಲೇ ಕಲ್ಲಾದರು.

"ಸಾರ್, ಗಿಟಾರ್‌ನ ನಾವು ಉದ್ದದ ಲೆಕ್ಕದಲ್ಲಿ ಮಾರಲ್ಲ ಸಾರ್. ಒಂದಕ್ಕೆ ಒಂದು."

"ಸುಮ್ನಿರಿ, ಸೊಂಟ ನೋಡ್ತಿದೀನಿ," ಎಂದರು ಭಾವ.

ಐದು ಗಿಟಾರ್ ಆಯಿತು. ಐದನ್ನೂ ಬೇಡವೆಂದರು. ಆಗ ಯಜಮಾನರು ಗಾಬರಿಯಲ್ಲಿ ಒಳಗೋಡಿ, ನಾನು ನಾಲ್ಕು ತಿಂಗಳಿಂದ ಹಳೇ ಡ್ರಮ್ಮಿನ ಹಿಂದೆ ಬಚ್ಚಿಟ್ಟಿದ್ದ ಒಂದು ಸಣ್ಣ ಗಿಟಾರನ್ನು ತಂದಿಟ್ಟರು. ಅದರ ಮೇಲೆ ನನಗೇ ಕಣ್ಣಿತ್ತು. ಇಪ್ಪತ್ತಾರು ವರ್ಷ ಹಳೆಯದು, ಜೇನಿನ ಬಣ್ಣ, ಕೆಳಭಾಗ ಮೂವತ್ನಾಲ್ಕು ಸೆಂಟಿಮೀಟರ್, ಸೊಂಟ ಇಪ್ಪತ್ತೊಂದು. ಭಾವ ಅದನ್ನು ತೊಡೆಯ ಮೇಲಿಟ್ಟುಕೊಂಡ ರೀತಿ ನೋಡಿ ನಾನು ಗೋಡೆಯ ಕಡೆ ತಿರುಗಿದೆ. ನಾಲ್ಕು ತಂತಿ ಇಳಿಸಿಕೊಟ್ಟೆ. ಭಾವ ಹೆಬ್ಬೆರಳಿನಿಂದ ಮೇಲಿನಿಂದ ಕೆಳಗೆ ಒಮ್ಮೆ ಎಳೆದರು. ಜ್ರ್ರ್ಯೂಂ ಎಂದು ಇಡೀ ಅಂಗಡಿ ತುಂಬಿತು.

"ಇದೇ," ಎಂದರು. ದಿನವೂ ಸಂಜೆ ಆಫೀಸು ಬಿಟ್ಟ ಮೇಲೆ ಒಂದು ಗಂಟೆ ನಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ ಅಭ್ಯಾಸ ಎಂದು ತೀರ್ಮಾನವಾಯಿತು.

ಮೊದಲ ಒಂದು ವಾರ ಎಲ್ಲವೂ ಸುಸೂತ್ರವಾಗಿತ್ತು. ಆದರೆ ಭಾವನಿಗೆ ಫೋನಿನಲ್ಲಿ ಮಾತಾಡುವಾಗ ಬಾಲ್ಕನಿಯೇ ಬೇಕು. ಅವರ ಬಾಲ್ಕನಿಯ ಕೆಳಗಿನ ಮನೆಯಲ್ಲಿ ಮೈಕ್ ಆಂಟಿ ಇದ್ದಾರೆ. ಮೂವತ್ತು ವರ್ಷ ಶಾಲೆಯ ಮೈದಾನದಲ್ಲಿ ಮೈಕಿಲ್ಲದೆ ಡ್ರಿಲ್ ಮಾಡಿಸಿದವರು. ಒಂದು ದಿನ ಅವರು ಬಟ್ಟೆ ಒಣಹಾಕುತ್ತಿದ್ದಾಗ, ಭಾವ ಮೇಲಿನಿಂದ ನನ್ನ ಜೊತೆ ಫೋನಿನಲ್ಲಿ ಆಡಿದ್ದರಲ್ಲಿ ಕೇಳಿಸಿದ್ದು ಇಷ್ಟು:

"ಒಂದೇ ಶ್ರುತೀಲಿ ಜೀವನ ಪೂರ್ತಿ ಕಳೆಯೋರು ದಡ್ಡರು ಕಣೋ. ಬದಲಾಯಿಸ್ತಾ ಇರ್ಬೇಕು... ದಪ್ಪ ಮೈ ನನಗಾಗಲ್ಲ. ಇದು ನೋಡು, ತೊಡೆ ಮೇಲೆ ಹೇಗೆ ಕೂರುತ್ತೆ... ಸೊಂಟ ಇಪ್ಪತ್ತೊಂದು!... ಛೆ ಛೆ, ನಿಮ್ಮಕ್ಕನಿಗೆ ಈಗ್ಲೇ ಬೇಡ. ಮನೆಗೆ ತಂದ್ಮೇಲೆ ನೋಡ್ಲಿ."

ಮೈಕ್ ಆಂಟಿ ಹಿಂಡಿದ ಬಟ್ಟೆಯನ್ನು ಬಕೆಟ್ಟಿಗೇ ಹಾಕಿ ಮೆಟ್ಟಿಲು ಹತ್ತಿದರು. ಅವರಿಗೆ ಸೆಂಟಿಮೀಟರ್ ಇಂಚಿನ ಗೊಡವೆ ಇಲ್ಲ. ಅಕ್ಕನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಗುಟ್ಟಾಗಿ ಹೇಳಿದರು. ಗುಟ್ಟು ನಾಲ್ಕನೇ ಮಹಡಿಯವರೆಗೂ ಕೇಳಿಸಿತು.

"ಶ್ರುತಿ ಅಂತೆ ಕಣೇ ಹೆಸ್ರು! ಇಪ್ಪತ್ತೊಂದು ಇಂಚು ಸೊಂಟ! ಊಟ ಮಾಡುತ್ತೋ ಇಲ್ವೋ ಅದು!"

ಅಕ್ಕ ಸೀದಾ ನನಗೆ ಫೋನ್ ಮಾಡಿದಳು.

"ಲೋ, ನಿಮ್ಮ ಭಾವನ ವಿಷ್ಯ ಎಲ್ಲಾ ಗೊತ್ತಾಯ್ತು ನಂಗೆ."

"ಅಯ್ಯೋ, ಯಾರಕ್ಕ ಹೇಳಿದ್ದು? ಗುಟ್ಟಾಗಿರ್ಲಿ ಅಂದಿದ್ರು."

"ಅಂದ್ರೆ ನಿಂಗೂ ಗೊತ್ತು."

"ತೋರಿಸಿದ್ದೇ ನಾನಲ್ವಾ!"

"ನೀನು. ನನ್ನ ಒಡಹುಟ್ಟಿದ ತಮ್ಮ. ತೋರಿಸಿದ್ದು."

"ಮೊದ್ಲು ಐದು ತೋರಿಸಿದೆ ಅಕ್ಕ. ಐದರದ್ದೂ ಅಳತೆ ತಗೊಂಡು ಬೇಡ ಅಂದ್ರು."

"ಅಳತೆ ತಗೊಂಡ್ರಾ?"

"ಟೇಪ್ ಹಿಡ್ಕೊಂಡೇ ಬಂದಿದ್ರು. ನಮ್ಮ ಯಜಮಾನ್ರು ನಡುಗಿಹೋದ್ರು."

"ನಡುಗದೆ ಏನ್ ಮಾಡ್ತಾರೆ! ವಯಸ್ಸೆಷ್ಟು ಅದಕ್ಕೆ?"

"ಇಪ್ಪತ್ತಾರು. ಆದ್ರೂ ಮೈ ಮೇಲೆ ಒಂದು ಗೀರಿಲ್ಲ. ವಯಸ್ಸಾದಷ್ಟೂ ದನಿ ಮಾಗುತ್ತೆ ಅಕ್ಕ."

"ಹಾಡುತ್ತಾ ಬೇರೆ?"

"ಅಬ್ಬಾ! ಅದು ಹಾಡೋದನ್ನ ನೀನು ಕೇಳ್ಬೇಕು!"

"ನಾನ್ಯಾಕೆ ಕೇಳ್ಲಿ! ಮುಂಚೆ ಯಾರ ಹತ್ರ ಇತ್ತು ಅದು?"

"ಒಬ್ರು ಡ್ರಾಯಿಂಗ್ ಮೇಷ್ಟ್ರ ಹತ್ರ. ಅವರ ಹೆಂಡ್ತಿಗೆ ಹಿಡಿಸ್ಲಿಲ್ವಂತೆ, ತಂದು ಬಿಟ್ಟುಹೋದ್ರು."

"ಹೆಂಡ್ತೀರಿಗೆ ಹಿಡಿಸೋದಾದ್ರೂ ಹೇಗೋ!" ಎಂದು ಅಕ್ಕ ಫೋನ್ ಕುಕ್ಕಿದಳು.

ಇಲ್ಲಿ ಓದುಗರು ನನ್ನನ್ನು ಬೈಯುವ ಮುಂಚೆ ಒಂದು ಮಾತು. ತಪ್ಪು ನನ್ನದಲ್ಲ, ನಮ್ಮ ಭಾಷೆಯದು. ಕನ್ನಡದಲ್ಲಿ ಒಬ್ಬರ ಮೇಲೆ ಗೌರವ ಬಂದರೆ ಬಹುವಚನ, ಸಿಟ್ಟು ಬಂದರೆ ನಪುಂಸಕಲಿಂಗ. ಅಕ್ಕ ಸಿಟ್ಟಿನಲ್ಲಿ 'ಅದು' ಎಂದಳು, ನಾನು ಗಿಟಾರನ್ನು 'ಅದು' ಎಂದೆ. ಒಮ್ಮೆ ಅವಳ ಬಾಯಿಂದ 'ಅವಳು' ಎಂದು ಬಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಬರಲಿಲ್ಲ. ವ್ಯಾಕರಣದಲ್ಲಿ ಸವತಿಗೂ ಗಿಟಾರಿಗೂ ವ್ಯತ್ಯಾಸವಿಲ್ಲ. ನಾನು ತಿಳಿದದ್ದು, ಅಕ್ಕನಿಗೆ ಗಿಟಾರೆಂದರೆ ಆಗುವುದಿಲ್ಲ ಎಂದು.

ಅಕ್ಕ ಭಾವನನ್ನು ಒಂದು ಮಾತೂ ಕೇಳಲಿಲ್ಲ. ತಾನಾಗಿ ಕೇಳಿದರೆ ತನಗೆ ಹೊಟ್ಟೆಕಿಚ್ಚಾಗಿದೆ ಎಂದು ಒಪ್ಪಿಕೊಂಡಂತೆ, ಅದು ಅವಳ ಮರ್ಯಾದೆಗೆ ಕಡಿಮೆ. ಬಾಯಿ ಬಿಡುವ ಬದಲು ನೋಡತೊಡಗಿದಳು. ಆಫೀಸಿಗೆ ಹೊರಟರೆ ಬಾಗಿಲವರೆಗೂ ಬಂದು ನೋಡುವುದು. ಬಂದರೆ ಅಂಗಿಯ ಹೆಗಲು ನೋಡುವುದು. ಸಂಜೆ ಒಂದು ಗಂಟೆ ತಡವಾಗಿ, ಬಲಗೈ ಬೆರಳ ತುದಿ ಕೆಂಪಾಗಿಸಿಕೊಂಡು, ಏನೋ ಗುನುಗುತ್ತಾ ಬರುವ ಗಂಡನನ್ನು ಬಾಲ್ಕನಿಯಿಂದ ಬೀದಿ ತಿರುವಿನವರೆಗೂ ನೋಡುವುದು.

ಭಾವನಿಗೆ ಇದರ ಅರ್ಥ ಆಗಲಿಲ್ಲ. "ನಿಮ್ಮಕ್ಕ ಯಾಕೋ ನಿನ್ನೆ ನನ್ನ ಹದಿನೇಳು ಸಲ ನೋಡಿದ್ಲು ಕಣೋ," ಎಂದು ನನ್ನ ಬಳಿ ಹೇಳಿಕೊಂಡರು. "ಮೂಗಿನ ಮೇಲೇನಾದ್ರೂ ಆಗಿದ್ಯಾ?"

ಅಷ್ಟರಲ್ಲಿ ಸುದ್ದಿ ಅಮ್ಮನಿಗೆ ತಲುಪಿತ್ತು. ಅಮ್ಮ ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸ್, ಮೂವತ್ತಾರು ವರ್ಷ ಗಂಡಸರಿಗೆ ಇಂಜೆಕ್ಷನ್ ಚುಚ್ಚಿ ಅವರ ಬಂಡವಾಳವೆಲ್ಲ ತಿಳಿದವಳು.

"ಈ ವಯಸ್ಸಲ್ಲಿ ಇದೆಲ್ಲ ಬೇಕೇನೋ ನಿಮ್ಮ ಭಾವನಿಗೆ?"

"ಅಮ್ಮ, ನಲವತ್ತು ಏನೂ ಅಲ್ಲ. ನಮ್ಮ ಅಂಗಡಿಗೆ ಅರವತ್ತು ದಾಟಿದವರೂ ಬರ್ತಾರೆ. ಇದು ಮನಸ್ಸಿಗೆ ಒಳ್ಳೇದು ಅಂತ ಡಾಕ್ಟ್ರೇ ಹೇಳ್ತಾರೆ."

"ಯಾವ ಡಾಕ್ಟ್ರೋ ಹೇಳೋದು? ಹೆಸರು ಹೇಳು, ನೋಡ್ಕೋತೀನಿ."

ನನಗೆ ತಲೆಬುಡ ಅರ್ಥವಾಗಲಿಲ್ಲ. ಒಂದು ಕುಟುಂಬಕ್ಕೆ ಸಂಗೀತದ ಮೇಲೆ ಇಷ್ಟೊಂದು ದ್ವೇಷವೇ ಎಂದು ಬೇಸರವಾಯಿತು. ಅಮ್ಮ ಫೋನಿಡುವ ಮುಂಚೆ ಬುದ್ಧಿ ಹೇಳುವ ಕೆಲಸವನ್ನು ಚಿಕ್ಕ ಭಾವನಿಗೆ ಒಪ್ಪಿಸಿರುವುದಾಗಿ ಹೇಳಿದಳು. ಓದಿದವರು, ಸಮಾಧಾನದವರು, ಮೇಲಾಗಿ ಅವರ ಎದುರು ಯಾರೇ ಆದರೂ ಬಾಯಿ ತೆರೆಯಲೇಬೇಕು.

ಚಿಕ್ಕ ಭಾವ ಹಲ್ಲು ಕ್ಲೀನ್ ಮಾಡಿಕೊಡುವ ನೆಪದಲ್ಲಿ ದೊಡ್ಡ ಭಾವನನ್ನು ಕ್ಲಿನಿಕ್ಕಿಗೆ ಕರೆಸಿದರು. ನಾನು ಜೊತೆಗೆ ಹೋದೆ. ಕ್ಲಿನಿಕ್ಕಿನಲ್ಲಿ ಎರಡೇ ಭಾಗ. ಈ ಕಡೆ ಬೆಂಚು ಮತ್ತು ಚೀಟಿ ಬರೆಯುವ ಮೇಜು, ಅಲ್ಲಿ ಚಿಕ್ಕಕ್ಕ. ಆ ಕಡೆ, ಪರದೆಯ ಹಿಂದೆ, ಕುರ್ಚಿ. ನಾನು ಬೆಂಚಿನ ಮೇಲೆ ಕೂತಿದ್ದೆ, ಎಲ್ಲವೂ ಕೇಳಿಸುತ್ತಿತ್ತು.

"ದೊಡ್ಡದಾಗಿ ಆ ಅನ್ನಿ ಅಣ್ಣ. ಹಾಂ. ಈ ಶ್ರುತಿ ವಿಷ್ಯ ನಿಜಾನಾ?"

"ಆಂ."

"ಮನೇಲಿ ಎಲ್ಲರಿಗೂ ಗೊತ್ತಾಗಿದೆ."

"ಆಂ?"

"ಅಕ್ಕ ಎಷ್ಟು ನೊಂದ್ಕೊಂಡಿದಾರೆ ಗೊತ್ತಾ? ಇಂಥ ಬುದ್ಧಿ ಎಲ್ಲಿಂದ ಬಂತು ಅಣ್ಣ ನಿಮಗೆ? ತಾಳಿ, ಹತ್ತಿ ತೆಗೀತೀನಿ."

ಹತ್ತಿ ಹೊರಗೆ ಬಂತು. ಅದರ ಹಿಂದೆಯೇ ಎರಡು ವಾರದ ಹೊಟ್ಟೆಕಿಚ್ಚೂ ಬಂತು.

"ಎಲ್ಲಿಂದ ಅಂದ್ರೆ? ನಿಮ್ಮಿಂದ್ಲೇ! ಅವತ್ತು ಊಟ ಆದ್ಮೇಲೆ ಎಲ್ಲರ ಎದುರಿಗೇ ಕಣ್ಣು ಮುಚ್ಕೊಂಡು ಶ್ರುತಿ ಬದಲಾಯಿಸಿದೋರು ಯಾರು? ನಿಮಗಾದ್ರೆ ಚಪ್ಪಾಳೆ, ನನಗಾದ್ರೆ ಬುದ್ಧಿಮಾತಾ? ನಿಮ್ಮ ಹತ್ರ ಇರೋದು ದೊಡ್ಡದು, ನಾನು ಸಣ್ಣದು ನೋಡ್ಕೊಂಡೆ. ಅಷ್ಟೇ ವ್ಯತ್ಯಾಸ!"

ಪರದೆ ಸರಕ್ಕನೆ ಸರಿಯಿತು. ಚಿಕ್ಕಕ್ಕ ಪೆನ್ನು ಹಿಡಿದು ನಿಂತಿದ್ದಳು.

"ಏನ್ರೀ? ನೀವೂನಾ? ದೊಡ್ಡದಾ?"

"ಏ, ಏನೇ ನೀನು, ನಂಗೇನೂ ಗೊತ್ತಿಲ್ಲ ಕಣೇ! ಅಣ್ಣ, ಏನು ಹೇಳ್ತಿದೀರಾ ನೀವು?"

"ಗೊತ್ತಿಲ್ವಂತೆ!" ಎಂದು ದೊಡ್ಡ ಭಾವ ಬಾಯಿ ಮುಕ್ಕಳಿಸಿ ಉಗಿದು ಎದ್ದರು. ಅರ್ಧ ಹಲ್ಲು ಮಾತ್ರ ಬೆಳ್ಳಗಾಗಿತ್ತು.

ಹೀಗೆ ಎರಡು ಮನೆಗೂ ಬೆಂಕಿ ಬಿದ್ದ ಸ್ಥಿತಿಯಲ್ಲಿ ಅಮ್ಮನ ಊಟದ ದಿನ ಬಂತು. ಅಮ್ಮನ ಮನೆಯ ಉದ್ದದ ಮೇಜಿನ ಸುತ್ತ ಎಲ್ಲರೂ ಕೂತಿದ್ದರು. ಭಾವ ಬೆಳಿಗ್ಗೆಯೇ ಕಾರಿನಲ್ಲಿ ಒಬ್ಬರೇ ಬಂದಿದ್ದರು, ಅಕ್ಕ ತನಗೆ ಬಲವಾಗಿರಲೆಂದು ಮೈಕ್ ಆಂಟಿಯನ್ನೂ ಆಮೇಲೆ ಆಟೋದಲ್ಲಿ ಕರೆತಂದಿದ್ದಳು. ಚಮಚಗಳ ಸದ್ದು ಮಾತ್ರ. ಭಾವ ಇಸ್ತ್ರಿಯ ಅಂಗಿ ಹಾಕಿಕೊಂಡು, ಎರಡು ಸಲ ಕೆಮ್ಮಿ, ಎದ್ದು ನಿಂತರು.

"ಇವತ್ತು ನಿಮಗೆಲ್ಲ ಒಂದು ಪರಿಚಯ ಮಾಡಿಸ್ಬೇಕು. ಮುಖ್ಯವಾಗಿ ಇವಳಿಗೆ. ಇಷ್ಟು ದಿನ ಮುಚ್ಚಿಟ್ಟಿದ್ದೆ."

ಅಮ್ಮನ ನೀರಿನ ಲೋಟ ಅರ್ಧ ದಾರಿಯಲ್ಲೇ ನಿಂತಿತು. ಅಕ್ಕ ತಲೆ ಎತ್ತಲಿಲ್ಲ. "ತಂದಿದೀರಾ?" ಎಂದಳು.

"ಹೂಂ. ಕಾರಲ್ಲಿದೆ. ಹಿಂದಿನ ಸೀಟಲ್ಲಿ ಮಲಗಿಸಿದೀನಿ."

"ಬೆಳಿಗ್ಗೆಯಿಂದ್ಲಾ?" ಎಂದಳು ಅಮ್ಮ. "ಈ ಬಿಸಿಲಲ್ಲಿ? ಕಿಟಕಿ?"

"ಮುಚ್ಚಿದೀನಿ. ಯಾರಾದ್ರೂ ಹೊತ್ಕೊಂಡು ಹೋದ್ರೆ?"

"ಭಾವಾ!" ಎಂದು ನಾನು ಚೀರಿದೆ. "ಶಾಖಕ್ಕೆ ಬೆನ್ನು ಸೀಳಿಬಿಡುತ್ತೆ!"

ಅಷ್ಟು ಸಾಕಾಯಿತು. ಮೂವತ್ತಾರು ವರ್ಷದ ನರ್ಸಿನ ಕಾಲು ಯಾರಿಗೂ ಕಾಯಲಿಲ್ಲ. ಅಮ್ಮ ಒದ್ದೆ ಟವೆಲ್ ಹಿಡಿದು ಓಡಿದಳು. ಮೈಕ್ ಆಂಟಿ ಛತ್ರಿ ಬಿಡಿಸಿಕೊಂಡು, "ದಾರಿ ಬಿಡಿ! ಗಾಳಿ ಬಿಡಿ!" ಎಂದು ಇಡೀ ಬೀದಿಗೆ ಆಜ್ಞೆ ಮಾಡುತ್ತಾ ಓಡಿದರು. ಚಿಕ್ಕ ಭಾವ ಹಲ್ಲಿನ ಡಾಕ್ಟರಾದರೂ ಡಾಕ್ಟರೇ ಎಂದು ಓಡಿದರು. ಆದರೆ ಎಲ್ಲರಿಗಿಂತ ಮುಂದೆ ಓಡಿದವಳು ನಮ್ಮ ದೊಡ್ಡಕ್ಕ. ಕೈಯಲ್ಲಿ ನೀರಿನ ಜಗ್ಗು. ಹತ್ತು ದಿನ ಯಾರನ್ನು ಮನಸ್ಸಿನಲ್ಲೇ ಸುಟ್ಟಿದ್ದಳೋ ಅವಳಿಗೇ ನೀರು ಕುಡಿಸಲು ಚಪ್ಪಲಿಯನ್ನೂ ಹಾಕದೆ ಓಡುತ್ತಿದ್ದಳು.

ಕಾರಿನ ಬಾಗಿಲು ತೆರೆದರೆ ಹಿಂದಿನ ಸೀಟಿನ ಮೇಲೆ ಕರೀ ಬಣ್ಣದ ಉದ್ದನೆಯ ಪೆಟ್ಟಿಗೆ.

"ಅಯ್ಯಯ್ಯೋ, ಪೆಟ್ಟಿಗೇಲಿ ಹಾಕಿಬಿಟ್ಟಿದಾನೆ!" ಎಂದು ಮೈಕ್ ಆಂಟಿ ಕೂಗಿದ್ದಕ್ಕೆ ಎದುರು ಮನೆಯವರೂ, ಅದರ ಎದುರು ಮನೆಯವರೂ ಹೊರಗೆ ಬಂದರು. ಅಮ್ಮ ಎರಡು ಚಿಲಕ ಎಬ್ಬಿಸಿದಳು. ಮುಚ್ಚಳ ತೆರೆಯಿತು.

ಜೇನಿನ ಬಣ್ಣ. ಇಪ್ಪತ್ತೊಂದು ಸೆಂಟಿಮೀಟರ್ ಸೊಂಟ. ನನ್ನ ಪುಣ್ಯ, ಬೆನ್ನು ಸೀಳಿರಲಿಲ್ಲ.

ಅಮ್ಮನ ಕೈಯ ಒದ್ದೆ ಟವೆಲ್ಲಿನಿಂದ ತೊಟ್ ತೊಟ್ ಎಂದು ನೀರು ಬೀಳುತ್ತಿತ್ತು.

"ಶ್ರುತಿ ಎಲ್ಲಿ?" ಎಂದಳು ಅಕ್ಕ.

"ಎಲ್ಲಿ ಅಂದ್ರೆ? ಇದ್ರಲ್ಲೇ ಇದೆ. ಬೆಳಿಗ್ಗೇನೇ ಇಳಿಸಿಟ್ಟಿದೀನಿ," ಎಂದು ಭಾವ ಗಿಟಾರನ್ನು ಎತ್ತಿಕೊಂಡು ಕಾರಿನ ಬಾಗಿಲಲ್ಲೇ ಕೂತು ಹೆಬ್ಬೆರಳು ಎಳೆದರು. ಜ್ರ್ರ್ಯೂಂ.

ಚೆನ್ನಾಗಿತ್ತು. ಎಲ್ಲರೂ ಮುಂದಿನದಕ್ಕೆ ಕಾದರು. ಭಾವ ಇನ್ನೊಮ್ಮೆ ಎಳೆದರು. ಅದೇ ಜ್ರ್ರ್ಯೂಂ.

"ಆಮೇಲೆ?" ಎಂದರು ಮೈಕ್ ಆಂಟಿ.

"ಇಷ್ಟೇ. ಎಡಗೈ ಇನ್ನೂ ಶುರು ಮಾಡಿಲ್ಲ."

"ಇಷ್ಟಕ್ಕಾ ನಾನು ಒದ್ದೆ ಬಟ್ಟೆ ಬಿಟ್ಟು ಮೆಟ್ಟಿಲು ಹತ್ತಿದ್ದು!" ಎಂದು ಅವರು ಛತ್ರಿ ಮಡಚಿದರು. ಅಷ್ಟು ನಿರಾಶೆಯ ಮುಖವನ್ನು ನಾನು ಬೇರೆಲ್ಲೂ ಕಂಡಿಲ್ಲ. ಎದುರು ಮನೆಗಳ ಬಾಗಿಲು ಒಂದೊಂದಾಗಿ ಮುಚ್ಚಿಕೊಂಡವು. ಆಗಲೇ ನನಗೂ ಎಲ್ಲವೂ ಹೊಳೆದದ್ದು. ಯಾರಿಗೂ ಕಾಣದಂತೆ ಅಮ್ಮನ ಹಿಂದೆ ನಿಂತುಕೊಂಡೆ. ಅಮ್ಮ ಹಿಂದೆ ತಿರುಗದೆಯೇ ಒದ್ದೆ ಟವೆಲ್ಲಿನಿಂದ ನನಗೊಂದು ಬಾರಿಸಿದಳು.

ಅಕ್ಕ ಜಗ್ಗಿನ ನೀರನ್ನು ತಾನೇ ಗಟಗಟ ಕುಡಿದು ಒಳಗೆ ಹೋದಳು. ಭಾವ ಗಿಟಾರನ್ನು ನನ್ನ ಕೈಗೆ ತುರುಕಿ ಹಿಂದೆಯೇ ಓಡಿದರು. ಮಿಕ್ಕವರೆಲ್ಲ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತೆವು. ಕದ್ದು ಕೇಳುವುದು ತಪ್ಪು, ಗೊತ್ತು. ಅಮ್ಮನೇ ಮುಂದೆ ನಿಂತಿದ್ದಳು.

"ಹತ್ತು ದಿನ ಅನ್ನ ಇಳಿದಿಲ್ಲ ನಂಗೆ," ಎಂದು ಅಕ್ಕ ಪಾತ್ರೆ ಕುಕ್ಕುತ್ತಿದ್ದಳು. "ಹತ್ತು ದಿನ! ಅದರ ಮುಖ ಹೇಗಿರಬಹುದು, ನಗು ಹೇಗಿರಬಹುದು ಅಂತ. ಮೈಯೆಲ್ಲಾ ಉರಿ."

"ನನ್ನ ವಿಷಯಕ್ಕಾ?" ಎಂದರು ಭಾವ.

"ಇನ್ಯಾರ ವಿಷಯಕ್ಕೆ!"

"ಅಂದ್ರೆ... ಯಾವಳೋ ಒಬ್ಬಳು ನನ್ನ ಹಾರಿಸ್ಕೊಂಡು ಹೋಗಬಹುದು ಅಂತ ನಿಂಗೆ ಅನ್ನಿಸ್ತಾ?"

"ಅನ್ನಿಸದೆ? ಹೋಗೋ ಬರೋ ದಾರೀಲೆಲ್ಲ ಕಣ್ಣಿಟ್ಟು ಕೂತಿದ್ದೆ. ನಾಚಿಕೆ ಆಗಲ್ವಾ, ನಗ್ತಾ ನಿಂತಿದೀರಲ್ಲ?"

"ಇಲ್ಲ," ಎಂದರು ಭಾವ. ಬಾಗಿಲ ಸಂದಿಯಿಂದ ಅವರ ಮುಖ ಕಾಣುತ್ತಿತ್ತು. ಅರ್ಧ ಬೆಳ್ಳಗಿನ ಹಲ್ಲುಗಳಷ್ಟೂ ಹೊರಗಿದ್ದವು. "ಹತ್ತು ದಿನ ಪೂರ್ತಿನಾ? ಮಧ್ಯೆ ಒಂದು ದಿನಾನೂ ಬಿಡುವಿಲ್ದೆ?"

"ಪೂರ್ತಿ!"

"ಇನ್ನೊಂದ್ಸಲ ಹೇಳು."

ಅಕ್ಕ ಸೌಟು ಎತ್ತಿದಳು, ಆಮೇಲೆ ಅದೇ ಸೌಟನ್ನು ಬಾಯಿಗೆ ಅಡ್ಡ ಹಿಡಿದು ನಗತೊಡಗಿದಳು. ನಾವು ಒಬ್ಬೊಬ್ಬರಾಗಿ ಹಿಂದೆ ಸರಿದೆವು. ಚಿಕ್ಕ ಭಾವ ಮಾತ್ರ ಅಲ್ಲಿಂದ ಕದಲಲಿಲ್ಲ. ಆಮೇಲೆ ಮೆಲ್ಲಗೆ ಚಿಕ್ಕಕ್ಕನ ಪಕ್ಕಕ್ಕೆ ಹೋದರು.

"ಏ, ಅವತ್ತು ಕ್ಲಿನಿಕ್ಕಲ್ಲಿ ನಿಂಗೂ ನನ್ನ ಮೇಲೆ ಅನುಮಾನ ಬಂತಲ್ಲ. ಎಷ್ಟು ದಿನ ಇತ್ತು?"

"ದಿನ ಎಲ್ಲಿ ಬಂತು? ಅಪಾಯಿಂಟ್‌ಮೆಂಟ್ ಪುಸ್ತಕ ತೆಗೆದು ನೋಡ್ದೆ. ಬೆಳಿಗ್ಗೆಯಿಂದ ರಾತ್ರಿವರೆಗೂ ಬರೀ ದವಡೆ ಹಲ್ಲು. ನಿಮಗೆಲ್ಲಿ ಪುರುಸೊತ್ತು ಅಂತ ಬಿಟ್ಟುಬಿಟ್ಟೆ."

"ಒಂದು ಸಂಜೆನೂ ಇರ್ಲಿಲ್ವಾ?"

"ಕಾಲು ಗಂಟೆ ಇತ್ತೇನೋಪ್ಪ. ಅಷ್ಟರಲ್ಲಿ ಪೇಷಂಟ್ ಬಂದ್ರು."

ಚಿಕ್ಕ ಭಾವ ಅಡುಗೆಮನೆಯ ಕಡೆ ನೋಡಿದರು. ಒಳಗಿನಿಂದ ಅಕ್ಕನ ನಗು ಕೇಳಿಸುತ್ತಲೇ ಇತ್ತು. ಆಮೇಲೆ ನನ್ನ ಕೈಯಲ್ಲಿದ್ದ ಗಿಟಾರನ್ನು ನೋಡಿದರು. ಹಲ್ಲು ಕೀಳುವ ಮುಂಚೆ ನೋಡುವಂತೆ ಬಗ್ಗಿ ತುಂಬಾ ಹೊತ್ತು ನೋಡಿ, ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು:

"ಲೋ, ಇದೇ ಅಳತೇದು ನಿಮ್ಮಂಗಡೀಲಿ ಇನ್ನೊಂದು ಇದ್ಯೇನೋ?"